ಫಿಯಟ್ಟೋ ಮಾರುತಿಯೋ: ಮಳೆಯೂರಿನಲ್ಲಿ ಹಳೇ ಕಾರು ಕೊಳ್ಳುವವರಿಗೆ

ಉಡುಪಿಯ ಭಾವ ಬ್ಯಾಂಕಿನಿಂದ ನಿವೃತ್ತರಾದದ್ದೇ ತಡ, ಅವರಿಗೊಂದು ಹುಚ್ಚು ಹಿಡಿಯಿತು. ಹಳೇ ಕಾರು ಬೇಕಂತೆ. "ಹೊಸತು ಮನೆಯಲ್ಲಿ ಉಂಟು, ಅದು ಮಗನದ್ದು. ನನಗೆ ನನ್ನ ಕಾಲದ್ದೊಂದು ಬೇಕು ಮಾರಾಯ್ರೆ" ಎಂದು ಏಪ್ರಿಲಿನ ಬಿಸು ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಎತ್ತಿದ ಮಾತು ಮಳೆಗಾಲದ ಆಟಿ ತಿಂಗಳು ಬಂದರೂ ಮುಗಿದಿಲ್ಲ. ಅವರು ನೋಡಿಟ್ಟದ್ದು ಎರಡು. ಕುಂದಾಪುರದ ಕಡೆ ಒಂದು ಮನೆಯ ಕೊಟ್ಟಿಗೆಯಲ್ಲಿ ನಿಂತಿರುವ 1985ರ ಪ್ರೀಮಿಯರ್ ಪದ್ಮಿನಿ, ಮಂಗಳೂರಿನ ಬಿಜೈಯಲ್ಲಿ ಈಗಲೂ ಓಡುತ್ತಿರುವ 1995ರ ಮಾರುತಿ 800. ಎರಡನ್ನೂ ಸಾಕಿದವನು ನಾನು ಎಂಬ ಒಂದೇ ಕಾರಣಕ್ಕೆ ದಿನಾ ರಾತ್ರಿ ಊಟ ಆದ ಮೇಲೆ ನನಗೆ ಫೋನು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಇದೇ ಹುಚ್ಚು ಹಿಡಿದವರು ಊರಲ್ಲಿ ಇನ್ನೂ ಇದ್ದಾರು.

ಮೊದಲೇ ಒಂದು ಮಾತು. ಘಟ್ಟದ ಮೇಲಿನವರು ಹಳೇ ಕಾರು ನೋಡಲು ಹೋದರೆ ಬಾನೆಟ್ ಎತ್ತಿಸುತ್ತಾರೆ. ನಾವು ಮೊದಲು ಎತ್ತಬೇಕಾದ್ದು ಕಾಲಡಿಯ ಮ್ಯಾಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಮಳೆ ಬಿಟ್ಟ ದಿನ ಉಪ್ಪುಗಾಳಿ, ಅದರ ಜೊತೆಗೆ ನೀರು ಹಿಡಿದಿಟ್ಟುಕೊಳ್ಳುವ ಕೆಂಪು ಮಣ್ಣು. ಎಂಜಿನ್ ಸತ್ತರೆ ಸವೆದ ಸಿಲಿಂಡರ್ ಕೊರೆಸಿ ರಿಬೋರ್ ಮಾಡಿಸಬಹುದು, ಇನ್ನೊಂದನ್ನು ತಂದು ಕೂರಿಸಬಹುದು. ತಗಡು ಸತ್ತರೆ ಕಾರೇ ಹೋದಂತೆ. ಹಾಗಾಗಿ ಈ ಹೋಲಿಕೆಯಲ್ಲಿ ತಗಡಿನ ಕತೆಯೇ ಉದ್ದ.

ಎರಡು ಕಾಲ, ಎರಡು ಕಾರು

ನಮ್ಮ ಕಡೆ ಪದ್ಮಿನಿಯನ್ನು ಯಾರೂ ಪದ್ಮಿನಿ ಎಂದು ಕರೆದದ್ದು ನಾನು ಕೇಳಿಲ್ಲ. ಅದು ಯಾವತ್ತೂ ಫಿಯಟ್ಟೇ. ಹೆಸರು ಬದಲಾದರೂ ಜಾತಕ ಒಂದೇ ಆದ್ದರಿಂದ ತಪ್ಪೇನಿಲ್ಲ. ಇಟಲಿಯಲ್ಲಿ 1953ರಲ್ಲಿ ಹುಟ್ಟಿದ ಫಿಯಟ್ 1100ರ ವಂಶ ಅದು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು 1964ರಲ್ಲಿ 1100 ಡಿಲೈಟ್ ಎಂದು ತಂದ ಗಾಡಿಗೆ 1974ರಲ್ಲಿ ಪದ್ಮಿನಿ ಎಂದು ಹೆಸರಿಟ್ಟರು. ಇಟಲಿಯವರು ಅರುವತ್ತರ ದಶಕದಲ್ಲೇ ಕೈಬಿಟ್ಟ ಆಕಾರವನ್ನು ನಮ್ಮವರು ಇಪ್ಪತ್ತನೇ ಶತಮಾನ ಮುಗಿಯುವ ತನಕ ಎಳೆದರು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದವರಿಗೆ ಸಿಗುತ್ತಿದ್ದ ಕಾರು ಅದು. ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಫಿಯಟ್ ಒಂದನ್ನು 12,000 ರೂಪಾಯಿಗೆ ಕೊಂಡಾಗ 5,000 ಸಾಲದೆ ಬಂದು ಬ್ಯಾಂಕಿನಿಂದ ಸಾಲ ಮಾಡಿದರು, ಅವರು ತೀರಿಕೊಂಡ ಮೇಲೆ ಹೆಂಡತಿ ಪಿಂಚಣಿಯಿಂದ ಅದನ್ನು ತೀರಿಸಿದರು. ಭಾವನಿಗೆ ಈ ಕತೆ ಬಹಳ ಇಷ್ಟ. ಸಾಲದ ಕಡತ ನೋಡಿಯೇ ಬದುಕು ಕಳೆದವರಲ್ಲವೇ.

ಮಾರುತಿಯದ್ದು ಬೇರೆಯೇ ಕಾಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. ಆ ಮೊದಲ ಮಾದರಿಯನ್ನು ಗ್ಯಾರೇಜಿನವರು ಈಗಲೂ ಎಸ್‌ಎಸ್ 80 ಎನ್ನುತ್ತಾರೆ. 1986ರಲ್ಲಿ ಮೈ ಬದಲಾಯಿತು. ನಾವೆಲ್ಲ 800 ಎಂದು ಕಣ್ಣು ಮುಚ್ಚಿ ನೆನೆಸಿಕೊಳ್ಳುವುದು ಈ ಎರಡನೆಯದನ್ನು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರು ಹೊರಬಿದ್ದಿತ್ತು. ಹಾಗಾಗಿ 800ಕ್ಕೆ ಕ್ಲಾಸಿಕ್ ಎಂಬ ಪಟ್ಟ ಕೊಡಲು ಕೆಲವರಿಗೆ ಮನಸ್ಸಿಲ್ಲ. "ನಿನ್ನೆ ಮೊನ್ನೆ ತನಕ ತರಕಾರಿ ತರಲು ಹೋಗುತ್ತಿದ್ದ ಕಾರು" ಎನ್ನುತ್ತಾರೆ. ಒಳ್ಳೆಯದೇ ಆಯಿತು, ಬೆಲೆ ಇನ್ನೂ ಕೈಗೆಟಕುವ ಹಾಗಿದೆ. ತೊಂಬತ್ತರ ದಶಕದ ಓಡುವ 800 ಒಂದು ಒಳ್ಳೆ ಸ್ಕೂಟರಿನ ಬೆಲೆಯ ಆಸುಪಾಸಿನಲ್ಲಿ ಸಿಕ್ಕೀತು. ಅದೇ ಪದ್ಮಿನಿಯವರು ಕಾರಿನ ಜೊತೆ ಅಜ್ಜನ ನೆನಪನ್ನೂ ಸೇರಿಸಿ ಬೆಲೆ ಹೇಳುತ್ತಾರೆ.

ತಗಡು

ಎರಡೂ ಕಾರಿಗೆ ಲಾರಿಗೆ ಇರುವ ಹಾಗೆ ಬೇರೆ ಚಾಸಿ ಇಲ್ಲ. ಮೈಯೇ ಎಲುಬು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎನ್ನುವುದು, ಕಾರಿನ ಅರ್ಧ ಭಾರ ಹೊರುವುದು ಅದೇ. ಅಲ್ಲಿ ತುಕ್ಕು ಬಂದರೆ ಅಂದದ ಪ್ರಶ್ನೆ ಅಲ್ಲ. ಜಾಕ್ ಕೊಟ್ಟರೆ ಜಾಕೇ ಒಳಗೆ ಹೋಗುತ್ತದೆ, ಬಾಗಿಲು ಹಾಕಿದರೆ ಕೊಂಡಿ ಕೂರುವುದಿಲ್ಲ.

ನನ್ನ ಮೊದಲ ಫಿಯಟ್ಟಿನ ಕತೆ ಕೇಳಿ. ಜನವರಿ ತಿಂಗಳ ಒಳ್ಳೆ ಬಿಸಿಲಿನಲ್ಲಿ ಹೋಗಿ ನೋಡಿದೆ. ದಂತದ ಬಣ್ಣ, ಆಗಷ್ಟೇ ಹೊಡೆದದ್ದು, ಮುಖ ಕಾಣುವಷ್ಟು ಹೊಳಪು. ಮಾರಿದವರು "ಒಂದು ಚುಕ್ಕಿ ತುಕ್ಕು ತೋರಿಸಿ ನೋಡುವ" ಎಂದರು. ತೋರಿಸಲು ನನ್ನಿಂದಾಗಲಿಲ್ಲ, ದುಡ್ಡು ಕೊಟ್ಟು ತಂದೆ. ಜೂನ್ ಬಂತು. ಜುಲೈಯಲ್ಲಿ ಒಂದು ಸಂಜೆ ಕೊಟ್ಟಾರ ಚೌಕಿಯ ಹತ್ತಿರ ಕ್ಲಚ್ ಒತ್ತಿದ ಎಡಗಾಲಿನ ಹಿಮ್ಮಡಿ ತಣ್ಣಗಾಯಿತು. ಮನೆಗೆ ಬಂದು ಮ್ಯಾಟ್ ಎತ್ತಿದರೆ ಕೆಳಗೆ ಅಂಗಳದ ಇಂಟರ್‌ಲಾಕ್ ಕಾಣುತ್ತಿತ್ತು. ತಗಡು ಇರಬೇಕಾದಲ್ಲಿ ನಾರಿನ ಬಟ್ಟೆ, ಪುಟ್ಟಿ, ಅದರ ಮೇಲೆ ಡಾಂಬರಿನಂಥ ಕಪ್ಪು ಬಣ್ಣ. ಟಿಂಕರಿಂಗ್‌ನವನು ಸ್ಕ್ರೂಡ್ರೈವರ್ ಹಿಡಿದು ಕೂತವನು ಕೆರೆಯುತ್ತಾ ಹೋದ, ಹಪ್ಪಳದ ಹಾಗೆ ಉದುರುತ್ತಾ ಬಂತು. ಕೊನೆಗೆ ಎರಡೂ ಕಡೆಯ ಫ್ಲೋರು, ಎಡದ ರನ್ನಿಂಗ್ ಬೋರ್ಡು, ಡಿಕ್ಕಿಯ ತಳ ಎಲ್ಲವೂ 18 ಗೇಜಿನ ತಗಡಿನಲ್ಲಿ ಹೊಸತು. ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ತಗಡಿಗೆ ಹೋಯಿತು. ಆವತ್ತಿನಿಂದ ಹೊಸ ಬಣ್ಣದ ಹಳೇ ಕಾರು ಕಂಡರೆ ನನಗೆ ಭಯ.

ಆದರೂ ಫಿಯಟ್ಟಿನ ಪರವಾಗಿ ಒಂದು ಮಾತು ಹೇಳಬೇಕು. ಅದರ ತಗಡು ದಪ್ಪ. ಕೊಳೆತ ಭಾಗ ಕತ್ತರಿಸಿ ಹೊಸ ತುಂಡು ಬೆಸೆದರೆ ಬೆಸುಗೆ ಹಿಡಿಯುತ್ತದೆ. ಅದರ ತುಕ್ಕು ಬರುವ ಜಾಗಗಳೂ ಗೊತ್ತಿದ್ದವೇ: ಮುಂದಿನ ಮಡ್‌ಗಾರ್ಡಿನ ಹಿಂಭಾಗ, ಮುಂಗಾಜಿನ ರಬ್ಬರಿನ ಕೆಳಮೂಲೆ, ಬಾಗಿಲಿನ ತಳ, ಡಿಕ್ಕಿ. 800ರ ತಗಡು ತೆಳು. ಹೊರಗಿನ ಒಂದು ಗುಳ್ಳೆ ಕಂಡಿತೆಂದರೆ ಒಳಗಿನಿಂದ ತಿಂದು ಬಂದಾಗಿದೆ ಎಂದೇ ಲೆಕ್ಕ. ವೆಲ್ಡಿಂಗ್ ಮಾಡಲು ಕೈ ಪಳಗಿರಬೇಕು, ಇಲ್ಲದಿದ್ದರೆ ಒಂದು ತೂತು ಮುಚ್ಚಲು ಹೋಗಿ ಮೂರು ಮಾಡುತ್ತಾರೆ. ಮುಖ್ಯವಾಗಿ ನೋಡಬೇಕಾದ್ದು ಬಾನೆಟ್ ಎತ್ತಿದಾಗ ಎರಡೂ ಬದಿ ಕಾಣುವ ಏಪ್ರನ್. ಮುಂದಿನ ಸಸ್ಪೆನ್ಷನ್ ಮೇಲೆ ಬಂದು ಕೂರುವುದು ಅಲ್ಲಿ. ಅದು ಬಿರುಕು ಬಿಟ್ಟಿದ್ದರೆ ಕಾರು ಎಷ್ಟು ಚೆಂದ ಓಡಿದರೂ ಬೇಡ. ಬ್ಯಾಟರಿ ಕೂರುವ ತಟ್ಟೆಯ ಕೆಳಗೂ ಬೆರಳು ಹಾಕಿ ನೋಡಿ. ಆ್ಯಸಿಡ್ ಮತ್ತು ಉಪ್ಪುಗಾಳಿ ಸೇರಿದರೆ ಮತ್ತೆ ಹೇಳುವುದು ಬೇಡ. ಸಮಾಧಾನ ಏನೆಂದರೆ 800ಕ್ಕೆ ಬಾಗಿಲು, ಮಡ್‌ಗಾರ್ಡು, ಬಾನೆಟ್ಟುಗಳು ಇನ್ನೂ ಅಂಗಡಿಯಲ್ಲಿ ಸಿಗುತ್ತವೆ. ತೇಪೆ ಹಾಕುವ ಬದಲು ತೆಗೆದು ಹೊಸತು ಹಾಕಬಹುದು.

ನೋಡಲು ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಒಂದನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ. ಬಾಗಿಲಿನ ಕೆಳಭಾಗ, ಚಕ್ರದ ಕಮಾನು, ರನ್ನಿಂಗ್ ಬೋರ್ಡು, ಇಲ್ಲೆಲ್ಲ ಒತ್ತಿ ಬಿಡಿ. ತಗಡಿದ್ದಲ್ಲಿ ಹಿಡಿಯುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಬೀಳುತ್ತದೆ. ಮಾರುವವರ ಮುಖ ನೋಡುವ ಅಗತ್ಯವಿಲ್ಲ. ಹೋಗುವುದು ಮಳೆ ಸುರಿಯುವ ದಿನವೇ ಆಗಲಿ. ಮುಂಗಾಜಿನ ರಬ್ಬರಿನಿಂದ ನೀರು ಇಳಿಯುತ್ತದೋ, ಡಿಕ್ಕಿಯೊಳಗೆ ಕೆರೆಯಾಗಿದೆಯೋ, ಸೀಟಿನಡಿಯ ಬಟ್ಟೆಗೆ ಮುಗ್ಗಲು ವಾಸನೆ ಇದೆಯೋ, ಬಿಸಿಲಿನಲ್ಲಿ ಇದೊಂದೂ ಗೊತ್ತಾಗುವುದಿಲ್ಲ.

ತಂದ ಮೇಲಿನ ಆರೈಕೆ ಎರಡಕ್ಕೂ ಒಂದೇ. ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ಸಣ್ಣ ತೂತುಗಳಿರುತ್ತವೆ, ಅವು ಕೆಸರಿನಿಂದ ಮುಚ್ಚಿರುತ್ತವೆ. ಹಿಡಿಸೂಡಿ ಕಡ್ಡಿ ಹಾಕಿ ಬಿಡಿಸಿದರೆ ಬಾಗಿಲಿಗೆ ಹತ್ತು ವರ್ಷ ಆಯುಷ್ಯ ಹೆಚ್ಚು. ಒಳಗೆ ತೆಂಗಿನ ನಾರಿನ ಮ್ಯಾಟ್ ಬೇಡ, ನೀರು ಕುಡಿದು ಕೂರುತ್ತದೆ. ಪ್ಲಾಸ್ಟಿಕ್ ಕವರು ಅದಕ್ಕಿಂತ ಕೇಡು, ಒಳಗೆ ಬೆವರುತ್ತದೆ. ಮೇಲೊಂದು ಶೀಟು, ನಾಲ್ಕೂ ಕಡೆ ಗಾಳಿ, ಕೆಳಗೆ ಸಿಮೆಂಟಿನ ನೆಲ, ಇಷ್ಟು ಬೇಕು. ಅಪ್ಪನ ಕಾಲದಲ್ಲಿ ಮೇ ತಿಂಗಳ ಕೊನೆಗೆ ಕಾರಿನ ಅಡಿಗೆ ಬೂತಾಯಿ ಮೀನಿನ ಎಣ್ಣೆ ಬಳಿಸುತ್ತಿದ್ದರು, ದೋಣಿಗೆ ಬಳಿಯುವ ಹಾಗೆ. ತುಕ್ಕು ಹತ್ತಿರ ಬರುತ್ತಿರಲಿಲ್ಲ, ಆದರೆ ಬೀದಿಯ ಬೆಕ್ಕುಗಳೆಲ್ಲ ಬರುತ್ತಿದ್ದವು. ಅಮ್ಮ ಒಂದು ತಿಂಗಳು ಆ ಕಾರು ಹತ್ತುತ್ತಿರಲಿಲ್ಲ. ಈಗ ಮೇಣದಂಥ ಅಂಡರ್‌ಕೋಟಿಂಗ್ ಬಂದಿದೆ, ಬೆಕ್ಕುಗಳ ಕಾಟ ಇಲ್ಲ.

ಏರು, ತಿರುವು, ಪಾಚಿ

ಕಾಗದದ ಮೇಲೆ ನೋಡಿದರೆ ಒಂದು ತಮಾಷೆ ಇದೆ. ಪದ್ಮಿನಿಯದ್ದು 1089 ಸಿಸಿ, ನಾಲ್ಕು ಸಿಲಿಂಡರ್. 800ರದ್ದು 796 ಸಿಸಿ, ಮೂರೇ ಸಿಲಿಂಡರ್. ಆದರೆ ಎರಡರ ಶಕ್ತಿಯೂ ನಲವತ್ತು ಎಚ್‌ಪಿಯ ಆಸುಪಾಸು. ತೂಕ ಮಾತ್ರ ಫಿಯಟ್ಟಿನದ್ದು 900 ಕೆಜಿ ಹತ್ತಿರ, ಮಾರುತಿಯದ್ದು 650ರ ಹತ್ತಿರ. ಒಬ್ಬರೇ ಕೂತು ಹೋದರೆ 800 ಆಡಿನ ಮರಿ. ನಾಲ್ಕು ಜನ ದೊಡ್ಡವರು, ಒಂದು ಗೋಣಿ ತೆಂಗಿನಕಾಯಿ ಹಾಕಿದಿರೋ, ಅದರ ಮೂರು ಸಿಲಿಂಡರು ಏದುಸಿರು ಬಿಡುತ್ತದೆ. ಫಿಯಟ್ಟು ಒಬ್ಬರಿದ್ದರೂ ನಾಲ್ವರಿದ್ದರೂ ಒಂದೇ ಮುಖ. ನಿಧಾನ, ಆದರೆ ಹತ್ತುತ್ತದೆ.

ಫಿಯಟ್ಟಿನ ಗೇರು ಸ್ಟೀರಿಂಗ್ ಕಂಬದಲ್ಲಿ. ನಮ್ಮವರು ಹ್ಯಾಂಡ್ ಗೇರ್ ಎನ್ನುತ್ತಾರೆ. ಬುಶ್‌ಗಳು ಹೊಸತಿದ್ದರೆ ಬೆಣ್ಣೆ. ಸವೆದಿದ್ದರೆ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಇಳಿದು ಬಾನೆಟ್ ಎತ್ತಿ ಕೆಳಗಿನ ಕೊಂಡಿಯನ್ನು ಕೈಯಿಂದ ಸರಿಸಬೇಕು. ಬಾವುಟಗುಡ್ಡೆಯ ಏರಿನಲ್ಲಿ ಸಂಜೆ ಆರಕ್ಕೆ ಈ ಕೆಲಸ ಮಾಡಿದ್ದೇನೆ. ಹಿಂದಿದ್ದ ಸಿಟಿ ಬಸ್ಸಿನ ಕಂಡಕ್ಟರ್ ಮೊದಲು ಬೊಬ್ಬೆ ಹೊಡೆದ, ಮತ್ತೆ ತಾನೇ ಇಳಿದು ಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. "ನಮ್ಮ ಸೌಕಾರ್ರದ್ದೂ ಇದೇ ಗಾಡಿ ಇತ್ತು ಸರ್, ಕೆಳಗಿನ ಕೊಂಡಿ ಹಿಂದಕ್ಕೆ ಎಳೀರಿ" ಎಂದ. 800 ಕೆಟ್ಟು ನಿಂತರೆ ಈ ಪ್ರೀತಿ ಸಿಗುವುದಿಲ್ಲ, ಹಾರ್ನ್ ಮಾತ್ರ ಸಿಗುತ್ತದೆ.

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎರಡರ ಗುಣವೂ ಬಿಚ್ಚಿಕೊಳ್ಳುತ್ತದೆ. ಪದ್ಮಿನಿಯ ಒಂದನೇ ಗೇರಿಗೆ ಸಿಂಕ್ರೊಮೆಶ್, ಅಂದರೆ ಓಡುತ್ತಿರುವಾಗಲೇ ಗೇರು ಸಲೀಸಾಗಿ ಕೂರಿಸುವ ಏರ್ಪಾಡು, ಇಲ್ಲ. ತಿರುವಿನಲ್ಲಿ ಎರಡನೇ ಗೇರು ಸಾಲದೆ ಬಂದರೆ ಕಾರು ಪೂರ್ತಿ ನಿಲ್ಲಿಸಿ ಒಂದಕ್ಕೆ ಹಾಕಬೇಕು, ಅಥವಾ ಎರಡು ಸಲ ಕ್ಲಚ್ ಒತ್ತುವ ಹಳೇ ವಿದ್ಯೆ ಗೊತ್ತಿರಬೇಕು. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ರಟ್ಟೆ ಬರುತ್ತದೆ. 800 ಅಂಥಲ್ಲಿ ಚುರುಕು, ಮೂತಿ ತಿರುಗಿಸಿದ ಕಡೆ ಹೋಗುತ್ತದೆ. ಇಳಿಯುವಾಗ ವ್ಯತ್ಯಾಸ ಇನ್ನೂ ದೊಡ್ಡದು. ಫಿಯಟ್ಟಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಬಿಸಿಯಾದರೆ ಹಿಡಿತ ಕಡಿಮೆ, ನೀರು ನಿಂತ ರಸ್ತೆ ದಾಟಿ ಬಂದರೆ ಇನ್ನೂ ಕಡಿಮೆ. ನೀರು ದಾಟಿದ ಮೇಲೆ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟು ಸ್ವಲ್ಪ ದೂರ ಓಡಿಸಿ ಒಣಗಿಸಿಕೊಳ್ಳಬೇಕು. 1986ರ ನಂತರದ 800ಕ್ಕೆ ಮುಂದೆ ಡಿಸ್ಕ್ ಬ್ರೇಕು, ಈ ರಗಳೆ ಕಡಿಮೆ.

ಆದರೆ ನಮ್ಮ ಊರಿನ ಇನ್ನೊಂದು ಪರೀಕ್ಷೆಯಲ್ಲಿ 800 ಸೋಲುತ್ತದೆ. ಮುಖ್ಯರಸ್ತೆಯಿಂದ ಮನೆಗೆ ಹತ್ತುವ ಓಣಿ, ಕಡಿದಾದ ಏರು, ಆಷಾಢದಲ್ಲಿ ಪಾಚಿ. 800ಕ್ಕೆ ಎಂಜಿನ್ನೂ ಮುಂದೆ, ತಿರುಗುವ ಚಕ್ರವೂ ಮುಂದೆ. ಜನ ತುಂಬಿಸಿ ಏರು ಹತ್ತಿದಾಗ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಹಿಂದಿನ ಸೀಟಿನವರನ್ನು ಇಳಿಸಿದರೆ ಹತ್ತುತ್ತದೆ. ಫಿಯಟ್ಟಿನದ್ದು ತದ್ವಿರುದ್ಧ, ಹಿಂದಿನ ಚಕ್ರ ನೂಕುವುದರಿಂದ ಜನ ತುಂಬಿದಷ್ಟೂ ಹಿಡಿತ. ಖಾಲಿ ಇದ್ದರೆ ಮಾತ್ರ ಅದೂ ಜಾರುತ್ತದೆ. ಭಾವನ ಮನೆಗೆ ಮಣಿಪಾಲದ ಕಡೆಯಿಂದ ಬರುವ ಓಣಿ ಇಂಥದ್ದೇ, ಹಾಗಾಗಿ ಇದನ್ನು ಎರಡು ಸಲ ಹೇಳಿದ್ದೇನೆ.

ಮಳೆಗಾಲದ ಹೊಂಡಗಳಿಗೂ ಫಿಯಟ್ಟೇ ಒಳ್ಳೆಯದು. 14 ಇಂಚಿನ ಚಕ್ರ ದಾಟಿಕೊಂಡು ಹೋಗುವ ಹೊಂಡದಲ್ಲಿ 800ರ 12 ಇಂಚಿನ ಚಕ್ರ ಇಳಿದು ಕೂರುತ್ತದೆ. ರಥಬೀದಿಯ ಹತ್ತಿರ ಜಾಗ ಹುಡುಕಿ ನಿಲ್ಲಿಸುವಾಗ ಲಾಭ ಮಾರುತಿಗೆ: ಉದ್ದ 3.3 ಮೀಟರ್ ಮಾತ್ರ, ಫಿಯಟ್ಟು 3.9.

ಕೂರುವ ಸುಖದಲ್ಲಿ ಹೋಲಿಕೆಯೇ ಇಲ್ಲ. ಬೆಂಚ್ ಸೀಟಿನ ಫಿಯಟ್ಟಿನಲ್ಲಿ ಮುಂದೆಯೇ ಮೂವರು. ಬಾಗಿಲಿನ ತ್ರಿಕೋನ ಗಾಜನ್ನು ಒಳಕ್ಕೆ ತಿರುಗಿಸಿದರೆ ಗಾಳಿ ನೇರ ಎದೆಗೆ. ಪಡುಬಿದ್ರಿ ದಾಟಿ ಕಾಪು ಕಡೆ ಹೋಗುವಾಗ ಆ ಗಾಜಿನಿಂದ ಬರುವ ಕಡಲಗಾಳಿಗೆ ಎಸಿ ಸಮ ಅಲ್ಲ. ಮೇ ತಿಂಗಳ ಮಧ್ಯಾಹ್ನ ನಂತೂರಿನ ಸಿಗ್ನಲಿನಲ್ಲಿ ನಿಂತಾಗ ಮಾತ್ರ ಈ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಬಿಸಿ ಮತ್ತು ಪೆಟ್ರೋಲು

ನಿಂತಲ್ಲಿ ಬಿಸಿಯಾಗುವುದು ಫಿಯಟ್ಟಿನ ಜಾತಿಗುಣ. ಅದರ ಫ್ಯಾನು ಎಂಜಿನ್ನಿನ ಬೆಲ್ಟಿಗೇ ಕಟ್ಟಿದ್ದು. ಎಂಜಿನ್ ನಿಧಾನ ಇದ್ದರೆ ಫ್ಯಾನೂ ನಿಧಾನ. ಪೆಟ್ರೋಲ್ ಪಂಪ್ ಬಿಸಿಯಾಗಿ ಒಳಗಿನ ಪೆಟ್ರೋಲು ಆವಿಯಾದರೆ ಕಾರು ನಿಂತುಬಿಡುತ್ತದೆ, ಏರ್ ಲಾಕ್ ಎನ್ನುತ್ತಾರೆ. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದರೆ ಮತ್ತೆ ಹೊರಡುತ್ತದೆ. ಒಂದು ಬಾಟಲಿ ನೀರು, ಒಂದು ಹಳೇ ಬೈರಾಸು (ಟವೆಲು) ಯಾವಾಗಲೂ ಕಾರಿನಲ್ಲಿ ಇರಲಿ. 800ಕ್ಕೆ ಕರೆಂಟಿನ ಫ್ಯಾನು, ಬಿಸಿಯಾದಾಗ ತಾನೇ ತಿರುಗುತ್ತದೆ. ತಿರುಗಬೇಕು ಎನ್ನಿ. ಉಪ್ಪುಗಾಳಿಗೆ ಅದರ ಸ್ವಿಚ್ಚಿನ ಪಿನ್ನುಗಳು ಹಸಿರು ಹಿಡಿದು ಒಂದು ದಿನ ಸುಮ್ಮನಾಗುತ್ತದೆ. ಮುಳ್ಳು ಮೇಲೇರಿದ್ದನ್ನು ನೀವು ನೋಡದಿದ್ದರೆ ಅಲ್ಯೂಮಿನಿಯಂ ಹೆಡ್ ಡೊಂಕಾಗುತ್ತದೆ. ಫಿಯಟ್ಟಿನದ್ದೂ ಅಲ್ಯೂಮಿನಿಯಂ ಹೆಡ್ಡೇ. ನೋಡಲು ಹೋದಾಗ ಆಯಿಲ್ ಮುಚ್ಚಳ ತೆಗೆಯಿರಿ. ಒಳಗೆ ಕಾಫಿ ನೊರೆಯಂಥದ್ದು ಕಂಡರೆ ನೀರು ಸೇರಿದೆ, ಹೆಡ್ ಬಿಚ್ಚುವ ಖರ್ಚು ಕಳೆದು ಬೆಲೆ ಮಾತಾಡಿ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಈ ಎರಡೂ ಕಾರು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೇನು ಬರ. ನಿಂತೇ ಇರುವ ಕಾರಿನ ಟ್ಯಾಂಕಿನಲ್ಲಿ ನೀರು ತಳಕ್ಕಿಳಿದು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ, ಆ ಹುಡಿ ಬಂದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಸಣ್ಣ ತೂತು, ಜೆಟ್, ಕಟ್ಟುತ್ತದೆ. ಹಳೇ ರಬ್ಬರ್ ಪೈಪುಗಳೂ ಪಂಪಿನ ಡಯಾಫ್ರಾಮೂ ಮೆತ್ತಗಾಗುತ್ತವೆ. ಕಾರು ತಂದ ವಾರವೇ ಎಥನಾಲ್ ತಾಳುವ ಪೈಪು ಹಾಕಿಸಿ, ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ. ಮೈಲೇಜು ಕೇಳುವವರಿಗೆ: ನನ್ನ ಫಿಯಟ್ಟು ಲೀಟರಿಗೆ ಹನ್ನೊಂದು ಕೊಟ್ಟರೆ ಹಬ್ಬ, 800 ಹದಿನಾರು ಕೊಡುತ್ತಿತ್ತು.

ಸಾಮಾನು, ಮೇಸ್ತ್ರಿ, ಕಾಗದ

800ರ ಎಂಜಿನ್ನೇ ಓಮ್ನಿಗೂ ಇದ್ದದ್ದು. ಓಮ್ನಿ 2019ರ ತನಕ ಬಂತು. ಹಾಗಾಗಿ ಎಂಜಿನ್ ಸಾಮಾನಿಗೆ ಮಂಗಳೂರು ದಾಟಿ ಹೋಗಬೇಕಿಲ್ಲ. ಫಿಯಟ್ಟಿನ ಬ್ರೇಕು, ಕ್ಲಚ್ಚು, ಪಿಸ್ಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಮುಂಬಯಿಯಲ್ಲೋ ವಿಚಾರಿಸಿದರೆ ಸಿಗುತ್ತದೆ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳಿಗಾಗಿಯೇ ನಡೆಯುತ್ತಿದ್ದ ಸಾಮಾನಿನ ವ್ಯಾಪಾರ ಇನ್ನು ಹೆಚ್ಚುವುದಂತೂ ಇಲ್ಲ. ಗಾಜು, ಕ್ರೋಮ್ ಪಟ್ಟಿ, ಮೀಟರು, ಬಾಗಿಲಿನ ಹಿಡಿ, ಇವೆಲ್ಲ ಕಾರಿನ ಜೊತೆಗೇ ಇರಬೇಕು. ಆಮೇಲೆ ಹುಡುಕುವ ಎಂದರೆ ಮಂಡೆಬಿಸಿ.

ಮೇಸ್ತ್ರಿ ಸಿಗುವುದು ಸಾಮಾನಿಗಿಂತ ಕಷ್ಟ. ನನ್ನವರಿಗೆ ಎಪ್ಪತ್ತರ ಹತ್ತಿರ. ಎಂಜಿನ್ನಿಗೆ ಕಿಡಿ ಕೊಡಿಸುವ ಪಾಯಿಂಟಿನ ಗ್ಯಾಪ್ ಹೊಂದಿಸಲು ಗೇಜು ಇದ್ದರೂ ಮದುವೆ ಕಾಗದದ ಒಂದು ತುಂಡು ಹರಿದು ಇಡುತ್ತಾರೆ, ಕಿವಿ ಬಾನೆಟ್ಟಿಗೆ ಹತ್ತಿರ ತಂದು ಡಿಸ್ಟ್ರಿಬ್ಯೂಟರ್ ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅವರ ಹತ್ತಿರ ಇರುವ ಹುಡುಗರು ಲ್ಯಾಪ್‌ಟಾಪ್ ಸಿಕ್ಕಿಸುವ ಕಾರಿನಲ್ಲಿ ಹುಷಾರು, ಇದರಲ್ಲಿ ಇಲ್ಲ. ಕಾರು ಕೊಳ್ಳುವ ಮೊದಲು ಇಂಥವರೊಬ್ಬರನ್ನು ಗುರುತು ಮಾಡಿಟ್ಟುಕೊಳ್ಳಿ, ನೋಡಲು ಹೋಗುವಾಗಲೂ ಕರೆದುಕೊಂಡು ಹೋಗಿ. ಮಧ್ಯಾಹ್ನದ ಊಟ ನಿಮ್ಮದು.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದರು. ಅದು ಈ ಎರಡಕ್ಕೂ ಬರುತ್ತದೆ. ಆರ್‌ಸಿ ಜೀವಂತ ಇದೆಯೇ, ಎಂಜಿನ್ ನಂಬರ್ ಹೊಂದುತ್ತದೆಯೇ ನೋಡಿ. ಹಳೇ ಫಿಯಟ್ಟಿಗೆ ಯಾರೋ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಅದನ್ನು ಮುಟ್ಟಲೇಬೇಡಿ. ಕಾಸರಗೋಡಿನದ್ದು ಅಗ್ಗ ಎಂದು ಓಡಿ ಹೋದವರು ಅಲ್ಲಿಯ ಆಕ್ಷೇಪಣೆ ಇಲ್ಲವೆಂಬ ಪತ್ರ (ಎನ್‌ಒಸಿ), ಇಲ್ಲಿಯ ರಸ್ತೆ ತೆರಿಗೆ ಸೇರಿಸಿ ಲೆಕ್ಕ ಹಾಕಲಿ. ಮಾಲಕರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕು, ಒಬ್ಬ ತಮ್ಮ ದುಬೈಯಲ್ಲಿ ಇದ್ದೇ ಇರುತ್ತಾನೆ.

ವಿಂಟೇಜ್ ನಂಬರಿನ ಆಸೆ ಕೆಲವರಿಗೆ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದು, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಎ ಅಕ್ಷರದ ನಂಬರು ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಎಪ್ಪತ್ತರ ದಶಕದ ಮೊದಲರ್ಧದ ಫಿಯಟ್ಟಿಗೆ ಅದು ಆದೀತು. ಭಾವ ನೋಡಿಟ್ಟದ್ದಕ್ಕೆ 2035ರ ತನಕ ಇಲ್ಲ, ಮೊತ್ತಮೊದಲ 800ಕ್ಕೂ 2033 ಬರಬೇಕು. ಅವಸರವೂ ಬೇಡ, ಆ ನಂಬರು ಬಂದರೆ ಪ್ರದರ್ಶನ, ರ್‍ಯಾಲಿ ಇಂಥದ್ದಕ್ಕೆ ಬಿಟ್ಟು ದಿನದ ಓಡಾಟಕ್ಕೆ ರಸ್ತೆಗಿಳಿಸುವ ಹಾಗಿಲ್ಲ.

ಹಾಗಾದರೆ ಯಾವುದು

ನನ್ನ ಹತ್ತಿರ ಈಗ ಉಳಿದಿರುವುದು ಫಿಯಟ್ಟು. 800ನ್ನು ಮಾರಿ ಆರು ವರ್ಷವಾಯಿತು. ಆದರೂ ಕೇಳಿದ ಹತ್ತು ಜನರಲ್ಲಿ ಎಂಟು ಜನರಿಗೆ ನಾನು ಹೇಳುವುದು 800. ವಾರಕ್ಕೆರಡು ಸಲ ಪೇಟೆಗೆ, ತಿಂಗಳಿಗೊಮ್ಮೆ ಕೊಲ್ಲೂರಿಗೋ ಕಟೀಲಿಗೋ, ಹಾಳಾದರೆ ಎಲ್ಲಿ ಬೇಕಾದರೂ ರಿಪೇರಿ, ಇಷ್ಟು ಬೇಕಾದವರಿಗೆ ತೊಂಬತ್ತರ ದಶಕದ ಕಾರ್ಬ್ಯುರೇಟರ್ 800ಕ್ಕಿಂತ ನಂಬಿಕಸ್ಥ ಹಳೇ ಕಾರು ಇಲ್ಲ. 2000ದ ನಂತರದ ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವಂಥದ್ದು, ಇನ್ನೂ ಸಲೀಸು, ಆದರೆ ಅದರಲ್ಲಿ ಕೂತರೆ ಹಳೇ ಕಾರಿನಲ್ಲಿ ಕೂತ ಹಾಗೆ ಅನಿಸುವುದಿಲ್ಲ. ಎಸ್‌ಎಸ್ 80 ಒಂದು ಪೂರ್ತಿ ಸಾಮಾನಿನ ಜೊತೆ ಸಿಕ್ಕಿದರೆ ಎರಡು ಯೋಚನೆ ಬೇಡ, ಆದರೆ ಅದನ್ನು ತರಕಾರಿಗೆ ಒಯ್ಯಬೇಡಿ.

ಫಿಯಟ್ಟು ಯಾರಿಗೆ? ಆದಿತ್ಯವಾರ ಬೆಳಿಗ್ಗೆ ಲುಂಗಿ ಕಟ್ಟಿ ಕಾರಿನಡಿ ಮಲಗಲು ಬೇಸರ ಇಲ್ಲದವರಿಗೆ. ದಾರಿಯಲ್ಲಿ ನಿಂತರೆ ಸಿಟ್ಟು ಬಾರದವರಿಗೆ. ಕಾರಿಗೆ ಕೊಟ್ಟಷ್ಟೇ ದುಡ್ಡನ್ನು ತಗಡಿಗೆ ಬೇರೆ ಎತ್ತಿಟ್ಟವರಿಗೆ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಕಾರಿಗೊಂದು ಸೂರು ಇರುವವರಿಗೆ.

ಮೊನ್ನೆ ಜೋರು ಮಳೆಯಲ್ಲಿ ಭಾವ, ಅಕ್ಕ, ಮೇಸ್ತ್ರಿ, ನಾನು ನಾಲ್ವರೂ ಎರಡನ್ನೂ ನೋಡಿ ಬಂದೆವು. ಬಿಜೈಯ 800ರ ಫ್ಲೋರಿಗೆ ಎರಡು ತೇಪೆ ಇದೆ, ಮಾಲಕರು ತಾವಾಗಿ ಮ್ಯಾಟ್ ಎತ್ತಿ ತೋರಿಸಿದರು. ಏಪ್ರನ್ ಗಟ್ಟಿ. ಕುಂದಾಪುರದ ಫಿಯಟ್ಟಿನ ನೆಲ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿದೆ, ಹಲಗೆಯ ಮೇಲೆ ನಿಲ್ಲಿಸಿದ್ದರು. ಬಲದ ರನ್ನಿಂಗ್ ಬೋರ್ಡಿನಲ್ಲಿ ಮಾತ್ರ ಅಯಸ್ಕಾಂತ ಒಂದು ಗೇಣು ಉದ್ದಕ್ಕೂ ನಿಲ್ಲಲಿಲ್ಲ. ಭಾವ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ, ಸ್ಟೀರಿಂಗ್ ಹಿಡಿದು ಕೂತಿದ್ದರು. ಅಕ್ಕ ಪಕ್ಕದಲ್ಲಿ ಹೋಗಿ ಕೂತು ತ್ರಿಕೋನ ಗಾಜು ತಿರುಗಿಸಿ ನೋಡಿದಳು. "ಇದನ್ನು ತಂದು ಎಲ್ಲಿ ಇಡ್ತೀರಿ? ಅಂಗಳದಲ್ಲಿ ಹಪ್ಪಳ ಒಣಗಿಸಲಿಕ್ಕೇ ಜಾಗ ಇಲ್ಲ" ಎಂದಳು.

ಸದ್ಯಕ್ಕೆ ಯಾವುದಕ್ಕೂ ಮುಂಗಡ ಕೊಟ್ಟಿಲ್ಲ. ಬಾವಿಕಟ್ಟೆಯ ಪಕ್ಕದ ಜಾಗ ಅಳೆದಾಯಿತು, ಹದಿನೈದಡಿ ಉದ್ದ ಸಿಗುತ್ತದೆ, ಫಿಯಟ್ಟಿಗೂ ಸಾಕು. ಶೀಟಿನ ಕೆಲಸದವನು ಅಷ್ಟಮಿ ಕಳೆದು ಬರುತ್ತೇನೆ ಎಂದಿದ್ದಾನೆ.